ಚಾಂದನಿಯ ಬಲಗಾಲು

ಆ ಮುಂಜಾನೆ ವಿಜಯಪುರದ ಟಾಂಗಾ ಸ್ಟ್ಯಾಂಡಿನಲ್ಲಿ ಎಲ್ಲಿಲ್ಲದ ಗಡಿಬಿಡಿ...

ಬೇವಿನ ಮರದ ಕೆಳಗೆ ಶಾಮಿಯಾನ, ಟೇಬಲ್ ತುಂಬ ಔಷಧಿ ಬಾಟಲಿ, ಮೈಕಿನಲ್ಲಿ ಒಂದೇ ಸಮನೆ ಅನೌನ್ಸ್‌ಮೆಂಟ್... "ಕುದುರೆಗಳಿಗೆ ಉಚಿತ ತಪಾಸಣೆ, ಉಚಿತ ಚಿಕಿತ್ಸೆ."

ನೋಡಲು ಜನ ನೆರೆದಿದ್ದರು. ಆದರೆ ಒಂದೇ ಒಂದು ಕುದುರೆಯೂ ಒಳಗೆ ಹೋಗಲಿಲ್ಲ.

ಅದಕ್ಕೆ ಕಾರಣ, ರಸ್ತೆಯ ಆಚೆ ತನ್ನ ಹತಾರದ ಪೆಟ್ಟಿಗೆಯ ಮೇಲೆ ಕುಳಿತಿದ್ದ ಮುದುಕ... ದಸ್ತಗೀರಸಾಬ.

ನಲವತ್ತು ವರ್ಷದಿಂದ ಆ ಸ್ಟ್ಯಾಂಡಿನ ಕುದುರೆಗಳ ಗೊರಸಿಗೆಲ್ಲ ಕಬ್ಬಿಣದ ನಾಲ ಬಡಿದವನು ಅವನೇ. ಟಾಂಗಾದವರಿಗೆ ಅವನು ಹೇಳಿದ್ದೇ ಕಾಯಿದೆ.

"ಪುಕ್ಕಟೆ ಔಷಧ ಅಂದ್ರ ಪುಕ್ಕಟೆ ಸಾವು. ಯಾರೂ ಹೋಗಬ್ಯಾಡ್ರಿ," ಎಂದು ವಾರದಿಂದ ಎಲ್ಲರಿಗೂ ಹೇಳಿಟ್ಟಿದ್ದ.

ಒಳಗಿನ ಭಯ ಬೇರೆಯೇ ಇತ್ತು... ಎರಡು ವರ್ಷದಿಂದ ಅವನ ಕಣ್ಣು ಮಂಜಾಗಿತ್ತು. ಮನೆಯವರಿಗೂ ಹೇಳಿರಲಿಲ್ಲ. ಡಾಕ್ಟರು ಗೊರಸು ಎತ್ತಿ ನೋಡಿದರೆ ತನ್ನ ಕೆಲಸದ ಹುಳುಕು ಹೊರಬೀಳುತ್ತದೆ ಎಂದು ಹೆದರಿದ್ದ.

ಅಷ್ಟರಲ್ಲಿ ಮಾಲನಬಿ ಬಂದಳು. ಗಂಡ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ ಟಾಂಗಾ ಹೊಡೆಯುತ್ತಿದ್ದವಳು ಅವಳೇ. ಹಿಂದೆ ಅವಳ ಬಿಳಿ ಕುದುರೆ ಚಾಂದನಿ... ಮುಂದಿನ ಬಲಗಾಲನ್ನು ನೆಲಕ್ಕೆ ಊರದೆ, ಮೂರೇ ಕಾಲಿನ ಮೇಲೆ.

ಅವಳು ನೇರ ಮುದುಕನ ಮುಂದೆ ನಿಂತಳು.

"ಕಾಕಾ, ನೀವು ಬ್ಯಾಡ ಅಂದ್ರಿ ಅಂತ ನಾಕ ದಿನ ಕಾದೆ. ಮೇವು ಮುಟ್ಟವಲ್ದು. ಇನ್ನ ಕಾಯೂದು ನನ್ನಿಂದ ಆಗೂದಿಲ್ಲ."

ಇಡೀ ಸ್ಟ್ಯಾಂಡು ನೋಡುತ್ತಿದ್ದಂತೆಯೇ ಅವಳು ರಸ್ತೆ ದಾಟಿದಳು. ಜನರೆಲ್ಲ ಹಿಂದೆ ಹಿಂದೆ... ದಸ್ತಗೀರಸಾಬನೂ ಎದ್ದು ಹೊರಟ.

ಶಾಮಿಯಾನದಲ್ಲಿದ್ದ ಪಶುವೈದ್ಯೆ ಡಾಕ್ಟರ್ ಸುವರ್ಣಾ ಚಿಕ್ಕ ವಯಸ್ಸಿನವಳು. ಕಾಲು ಮುಟ್ಟಲು ಹೋದಳು... ನೋವಿಗೆ ಕುದುರೆ ಎರಡು ಕಾಲಿನ ಮೇಲೆ ಎದ್ದು ನಿಂತಿತು. ಟೇಬಲ್ ಉರುಳಿತು, ಬಾಟಲಿಗಳು ಚೆಲ್ಲಾಪಿಲ್ಲಿ, ಜನ ದಿಕ್ಕಾಪಾಲು.

"ಇದನ್ನ ಹಿಡಿಯೋರು ಯಾರರ ಅದೀರೇನ್ರಿ?" ಎಂದು ಆಕೆ ಕೇಳಿದಳು.

ಎಲ್ಲರೂ ಮುದುಕನ ಕಡೆ ತಿರುಗಿದರು.

ಅವನು ಮೆಲ್ಲಗೆ ಹತ್ತಿರ ಹೋಗಿ, ಕುತ್ತಿಗೆಯ ಮೇಲೆ ಕೈಯಿಟ್ಟು, ಕಿವಿಯಲ್ಲಿ ಏನೋ ಅಂದ. ಚಾಂದನಿ ತಲೆ ತಗ್ಗಿಸಿ ಕಾಲು ಕೊಟ್ಟಿತು.

ಗೊರಸು ಕಾದ ಹಂಚಿನಂತೆ ಸುಡುತ್ತಿತ್ತು. ನಾಲದ ಮೇಲೆ ಸರಿದ ಅವನ ಬೆರಳು ಒಂದು ಮೊಳೆಯ ಮೇಲೆ ಗಕ್ಕನೆ ನಿಂತಿತು.

ಓರೆಯಾಗಿ ಒಳಗಿನ ಜೀವಮಾಂಸಕ್ಕೇ ಇಳಿದ ಮೊಳೆ... ನಾಲ್ಕು ದಿನದ ಹಿಂದೆ ತಾನೇ ಬಡಿದದ್ದು.

ಸುಮ್ಮನಿದ್ದುಬಿಡಲೇ? ಕುದುರೆಯ ಮೈ ನಡುಗುವುದು ಅವನ ಕೈಗೆ ತಾಗುತ್ತಲೇ ಇತ್ತು...

"ಮೇಡಂ, ಇಲ್ಲಿ ನೋಡ್ರಿ," ಎಂದ, ಎಲ್ಲರಿಗೂ ಕೇಳುವಂತೆ. "ಈ ಮೊಳಿ ತಪ್ಪಿ ಬಡದೀನಿ. ನನಗ ಕಣ್ಣು ಕಾಣೂದಿಲ್ಲ. ಎಲ್ಲಾರಿಗೂ ಸುಳ್ಳ ಹೇಳೀನಿ."

"ಕಾಕಾ, ಗಟ್ಟಿ ಹಿಡೀರಿ," ಎಂದಷ್ಟೇ ಹೇಳಿ, ಡಾಕ್ಟರ್ ಇಕ್ಕಳ ಹಾಕಿ ಮೊಳೆ ಕಿತ್ತು, ನಾಲ ಬಿಚ್ಚಿದಳು. ಕಪ್ಪು ಕೀವು ಬುಳಕ್ಕನೆ ಹೊರಬಂತು. ತೊಳೆದಳು, ಇಂಜೆಕ್ಷನ್ ಕೊಟ್ಟಳು, ಪಟ್ಟಿ ಕಟ್ಟಿದಳು.

ಚಾಂದನಿ ದೊಡ್ಡದೊಂದು ಉಸಿರು ಬಿಟ್ಟಿತು... ಕಾಲನ್ನು ನೆಲಕ್ಕೆ ತಾಗಿಸಿತು... ಎತ್ತಿತು... ಮತ್ತೆ ಇಟ್ಟಿತು... ನಿಂತೇಬಿಟ್ಟಿತು!

ಪಕ್ಕದ ಹುಲ್ಲಿನ ಸಿವುಡಿಗೆ ಅದು ಬಾಯಿ ಹಾಕಿದಾಗ ಜನರ ಸಿಳ್ಳೆ, ಚಪ್ಪಾಳೆ ರಸ್ತೆಗೆಲ್ಲ ಕೇಳಿಸಿತು. ಒಬ್ಬೊಬ್ಬರೇ ಟಾಂಗಾ ಬಿಚ್ಚಿ ಕುದುರೆ ತಂದರು. ಮಧ್ಯಾಹ್ನದ ಹೊತ್ತಿಗೆ ಸಾಲು ರಸ್ತೆಯ ತಿರುವು ಮುಟ್ಟಿತ್ತು.

ದಸ್ತಗೀರಸಾಬ ಮಾತ್ರ ಪೆಟ್ಟಿಗೆ ಹೆಗಲಿಗೇರಿಸಿ ಮನೆಯ ದಾರಿ ಹಿಡಿದಿದ್ದ.

ಮಾಲನಬಿ ಓಡಿ ಬಂದು ಅಡ್ಡ ನಿಂತಳು. "ಎಲ್ಲಿಗೆ ಹೊಂಟ್ರಿ ಕಾಕಾ?"

"ಇನ್ನ ನನ್ನ ಕೈಯಾಗ ಯಾರು ಕುದುರಿ ಕಾಲು ಕೊಡ್ತಾರವ್ವಾ..." ಅವನು ತಲೆ ಎತ್ತಲಿಲ್ಲ.

"ನಾ ಕೊಡ್ತೀನಿ. ಮೊದಲ ಕಣ್ಣು ತೋರಿಸ್ಕೊಳ್ರಿ. ಗಾಯ ಮಾಯಿದ ಮ್ಯಾಲ ಚಾಂದನಿಗಿ ನಾಲ ನೀವೇ ಬಡೀಬೇಕು. ಅಷ್ಟು ಮಂದಿ ಮುಂದ ಖರೇ ಹೇಳಿದ ಮನಷ್ಯಾನ ಬಿಟ್ಟು ನಾ ಬ್ಯಾರೆ ಯಾರನ್ನ ನಂಬ್ಲಿ?"

ಮುದುಕನ ಬಿಳಿ ಗಡ್ಡದ ಮೇಲೆ ಕಣ್ಣೀರು ಇಳಿಯಿತು...

ಶಾಮಿಯಾನದಿಂದ ಡಾಕ್ಟರ ದನಿ ಬಂತು. "ಕಾಕಾ, ಕಣ್ಣಿನ ಆಸ್ಪತ್ರೆಗೆ ಸೋಮವಾರ ನಾನೇ ಕರಕೊಂಡು ಹೋಗ್ತೀನಿ. ಈಗ ಬರ್ರಿ, ಈ ಕುದುರಿ ನನ್ನ ಮಾತು ಕೇಳವಲ್ದು."

ಅವನು ಪೆಟ್ಟಿಗೆ ಕೆಳಗಿಟ್ಟ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಸರಸರನೆ ಒಳಗೆ ನಡೆದ.

ತಪ್ಪು ಕೈಯಿಂದ ಆಗಬಹುದು... ಅದನ್ನು ಒಪ್ಪಿಕೊಳ್ಳಲು ಎದೆ ಬೇಕು.

ನಾವು ಮುಚ್ಚಿಟ್ಟ ಯಾವ ತಪ್ಪಿನ ನೋವನ್ನು ಯಾವ ಮೂಕಜೀವ ಇವತ್ತು ಅನುಭವಿಸುತ್ತಿದೆ... ಒಮ್ಮೆ ಯೋಚಿಸಿದ್ದೀರಾ?