ಶೆಂಗ್ ಪಾಠ

ಲಕ್ವ ಹೊಡೆದ ಮೇಲೆ ನನ್ನ ಗಂಡ ಒಂದು ಮಾತೂ ಆಡಿರಲಿಲ್ಲ. ಇಷ್ಟದ ಸಂಗೀತ ಕೇಳಿಸಿದರೆ ಮಾತು ಮರಳಬಹುದು ಎಂದರು ಡಾಕ್ಟರು. ನನ್ನವರು ನುಡಿಸುತ್ತಿದ್ದುದು ಶೆಂಗ್, ಬಿದಿರು ಕೊಳವೆಗಳ ಚೀನೀ ವಾದ್ಯ. ಅದನ್ನು ನಾನೇ ಕಲಿಯಲು ಹೊರಟೆ. ಕೊಳಲಿನ ಹಾಗೆ ಬೆರಳೆತ್ತಿ ಊದುತ್ತ ಅವರ ಮುಖವನ್ನೇ ನೋಡುತ್ತಿದ್ದೆ. ಹೊರಟದ್ದು ಬರೀ ಗಾಳಿ.

"ಅತ್ತಿಗೆ, ಇದು ವಾದ್ಯಾನೋ, ವಾಶರ್ ಹೋದ ಕುಕ್ಕರ್ರೋ?" ನಾದಿನಿ ಬಾಗಿಲಲ್ಲಿ ನಿಂತು ಕೇಳಿದಳು. "ಅಣ್ಣ ಹೇಗೆ ಮುಖ ಸಿಂಡರಿಸ್ತಿದಾನೆ ನೋಡಿ. ಪಾಪ, ಬಿಟ್ಬಿಡಿ."

"ಬಿಟ್ಟೆ!" ವಾದ್ಯವನ್ನು ಮೇಜಿನ ಮೇಲೆ ಕುಕ್ಕಿದೆ. "ಒಂದು ತೂತೂ ನುಡಿಯಲ್ಲ. ಇನ್ನು ಮುಟ್ಟಿದ್ರೆ ಕೇಳು."

ಹಾಸಿಗೆಯಿಂದ ತೊದಲು ದನಿಯೊಂದು ರೇಗಿತು: "ದಡ್ಡಿ... ತೂತು ಮುಚ್ಚೇ. ಮುಚ್ಚಿದ್ರೇನೇ ಸ್ವರ."