ಮಿಶ್‌ಮಾಶ್ ನಡುಗಲಿಲ್ಲ

"ಈ ಸಲ ಫಿರಂಗಿಗೆ ನಡುಗಿದೆಯೋ, ನೋಡು ಮತ್ತೆ, ನಾನು ತೌರಿಗೆ ಹೋಗಿಬಿಡ್ತೀನಿ," ಎಂದು ಶೆದ್ಲಿಯಾ ಊಟದ ಮೇಜಿನ ಕೆಳಗೆ ಬಗ್ಗಿ ನಾಯಿಗೆ ಹೇಳಿದಳು. ತೌರಿನಲ್ಲಿ ಈಗ ಯಾರೂ ಇಲ್ಲ. ಆದರೂ ಗದರುವಾಗ ಆ ಮಾತು ತಾನಾಗಿ ಬಾಯಿಗೆ ಬರುತ್ತದೆ. ಮಿಶ್‌ಮಾಶ್ ಬಾಲ ಬಡಿಯಿತು. ಮಾಗಿದ ಏಪ್ರಿಕಾಟಿನ ಬಣ್ಣದ ನಾಯಿ, ಅದಕ್ಕೇ ಅರಬ್ಬಿಯಲ್ಲಿ ಆ ಹಣ್ಣಿಗಿರುವ ಹೆಸರೇ ಅದಕ್ಕೂ.

ರಂಜಾನಿನ ಮೊದಲ ಸಂಜೆ. ಅಂಗಳದ ಗಿಡ್ಡ ಮೇಜಿನ ಮೇಲೆ ಸೂಪು, ಮಜ್ಜಿಗೆ, ಖರ್ಜೂರ ಎಲ್ಲ ಸಿದ್ಧವಾಗಿದ್ದವು. ಗೋಡೆಯ ಮೇಲಿನ ಬಿಸಿಲು ಆರಿತ್ತು. ಇನ್ನೇನು ಸೂಸ್ ಊರಿನ ಕೋಟೆಯ ಮೇಲಿಂದ ಫಿರಂಗಿ ಹಾರಬೇಕು, ಊರು ಉಪವಾಸ ಬಿಡಬೇಕು. ಶೆದ್ಲಿಯಾಗೆ ಹಸಿವೆಯ ನೆನಪೇ ಇರಲಿಲ್ಲ. ಹೋದ ರಂಜಾನಿನ ಕೊನೆಯ ಸಂಜೆ ಈ ಬಡಪಾಯಿ ಆ ಸದ್ದಿಗೆ ಗೋಡೆ ಹಾರಿ ಓಡಿತ್ತು. ಎಷ್ಟೋ ದಿನದ ಮೇಲೆ ಮೀನು ಮಾರ್ಕೆಟ್ಟಿನ ಹಿಂದೆ ಕಾಲು ಎಳೆಯುತ್ತ ಸಿಕ್ಕಿತ್ತು. ಇನ್ನೊಮ್ಮೆ ಓಡಿದರೆ ಸಿಗುವುದಿಲ್ಲ ಎಂಬುದು ಅವಳ ದಿಗಿಲು.

ಹಾಗಾಗಿ ತಿಂಗಳಿಂದ ಅವಳು ಹಿತ್ತಾಳೆಯ ಕುಟ್ಟಾಣಿ ಹಿಡಿದು ಕೂತಿದ್ದಳು. ಮೊದಮೊದಲು ಉಗುರಲ್ಲಿ ಟಿಣ್ ಎನಿಸುವುದು, ಒಂದು ಚೂರು ಮಾಂಸ ಕೊಡುವುದು. ಆಮೇಲೆ ಮೆಲ್ಲಗೆ ಕುಟ್ಟುವುದು, ಮತ್ತೆ ಚೂರು ಮಾಂಸ. ಕೊನೆಕೊನೆಗೆ ಓಣಿಯೆಲ್ಲ ಕಿವಿ ಮುಚ್ಚಿಕೊಳ್ಳುವ ಹಾಗೆ ಧಡಲ್ ಧಡಲ್ ಎಂದು ಬಾರಿಸಿದರೂ ಮಿಶ್‌ಮಾಶ್ ಜೊಲ್ಲು ಸುರಿಸುತ್ತ ಅವಳ ಕೈಯನ್ನೇ ನೋಡುತ್ತಿತ್ತು.

ಗಂಡ ತಿಜಾನಿಗೆ ಮಾತ್ರ ಇದು ಸರಿಬಂದಿರಲಿಲ್ಲ. "ಬಿಡೇ ಅದನ್ನ. ಹೆದರೋ ನಾಯಿಗೆ ನಿಯತ್ತು ಜಾಸ್ತಿ. ಪಾಪ, ನನ್ನ ಕಾಲ ಹತ್ರ ಮಲಗಿರತ್ತೆ, ನಿಂಗೇನು ಕಷ್ಟ?"

"ಅದನ್ನ ಹೆದರಿಸಿದ್ದೇ ನಿಮ್ಮ ಹಾಳು ಫಿರಂಗಿ. ನೀವು ಸುಮ್ನಿರಿ."

ಅವನ ಫಿರಂಗಿಯೇ ಹೌದು. ಕೂದಲು ನರೆಯುವ ತನಕ ಅದಕ್ಕೆ ಮದ್ದು ತುಂಬಿ ಕಿಡಿ ಮುಟ್ಟಿಸಿದವನು ಅವನು. ಕಿವಿ ಮಂದವಾದದ್ದೂ ಅದರಿಂದಲೇ. ಆದರೆ ಹಾಗಂತ ಅವನೆದುರು ಅಂದರೆ ಮನೆಗೆ ಬೆಂಕಿ ಬೀಳುತ್ತದೆ. "ನಿಮ್ಮ ಪಿಸುಮಾತು ಕೇಳ್ದೆ ಇರಬಹುದು, ನನ್ನ ಫಿರಂಗಿ ಕೇಳ್ದೆ ಇರತ್ತಾ?" ಎನ್ನುತ್ತಿದ್ದ. ಮಗಳು ವಸೀಲಾ ಫೋನಿನಲ್ಲಿ ಅಲಾರಂ ಇಡುತ್ತೇನೆಂದಾಗ, "ಗಡಿಯಾರ ನೋಡಿ ಉಪವಾಸ ಬಿಡೋಕೆ ನಾನೇನು ರೈಲ್ವೆ ಗಾರ್ಡಾ?" ಎಂದು ಹಾರಾಡಿದ್ದ. ನಿಜಕ್ಕೂ ಅವನು ಒಮ್ಮೆಯೂ ತಪ್ಪಿದವನಲ್ಲ. ಅಂಗೈಯಲ್ಲಿ ಖರ್ಜೂರ ಇಟ್ಟುಕೊಂಡು, ಕಣ್ಣುಮುಚ್ಚಿ ಪ್ರಾರ್ಥಿಸುತ್ತ ಕೂರುತ್ತಿದ್ದ. ಫಿರಂಗಿ ಹಾರಿತೋ, ಮೊದಲ 'ಬಿಸ್ಮಿಲ್ಲಾ' ಅವನದೇ. ಅವನು ಬಾಯಿಗಿಡದೆ ಉಳಿದವರು ಮುಟ್ಟುವಂತಿಲ್ಲ. ಅದು ಆ ಮನೆಯ ಕಟ್ಟಳೆ.

ಧಡಾರ್!

ನಿಂಬೆಗಿಡದ ಹಕ್ಕಿಗಳು ಪುರ್ರೆಂದು ಎದ್ದವು. ಮಿಶ್‌ಮಾಶ್ ಕಿವಿ ನಿಮಿರಿಸಿತು. ಆಮೇಲೆ ತಲೆಯೆತ್ತಿ ಶೆದ್ಲಿಯಾಳ ಕೈ ನೋಡಿತು, ಎಲ್ಲಿ ನನ್ನ ಪಾಲು ಎಂಬಂತೆ. ಅವಳು ಸೆರಗಿನಲ್ಲಿ ಮುಚ್ಚಿಟ್ಟಿದ್ದ ಮಾಂಸದ ಎಲುಬನ್ನೇ ಕೊಟ್ಟುಬಿಟ್ಟಳು. ಅವಳ ಕಣ್ಣು ತುಂಬಿ ಬಂತು.

"ನೋಡಿದ್ಯೇನೇ ವಸೀಲಾ, ನನ್ನ ಬಂಗಾರ ಅಲ್ಲಾಡಲಿಲ್ಲ!"

ವಸೀಲಾ ನಗುತ್ತ ಖರ್ಜೂರಕ್ಕೆ ಚಾಚಿದ ಕೈಯನ್ನು ಅಲ್ಲೇ ತಡೆದಳು. ಅಪ್ಪ ಕಣ್ಣು ತೆರೆದಿರಲಿಲ್ಲ. ದೂರದ ಮಸೀದಿಯಿಂದ ಆಜಾನ್ ಕೂಡ ಶುರುವಾಗಿತ್ತು. "ಅಮ್ಮಾ, ಅಪ್ಪಂಗೇನಾಯ್ತು? ನಿದ್ದೆ ಹತ್ತಿತಾ?"

ಶೆದ್ಲಿಯಾ ಮೇಜಿನ ಬಟ್ಟೆ ಎತ್ತಿ ನೋಡಿದಳು. ತಿಜಾನಿಯ ಬರಿಗಾಲು ನಾಯಿಯ ಪಕ್ಕೆಗೆ ಒತ್ತಿಕೊಂಡಿತ್ತು. ಬೆರಳು ಮೆಲ್ಲಗೆ ಆಡಿಸುತ್ತ, ತಡಕುತ್ತ, ಇನ್ನೂ ಬರದ ಏನನ್ನೋ ಅದು ಕಾಯುತ್ತಿತ್ತು. ಇಷ್ಟು ವರ್ಷ ಈ ಮನುಷ್ಯ ಫಿರಂಗಿ ಕೇಳಿದ್ದು ಕಿವಿಯಿಂದಲ್ಲ, ಈ ನಾಯಿಯ ನಡುಕದಿಂದ. ತನ್ನ ಕೈಯಾರೆ ಅದನ್ನು ಕಿತ್ತುಕೊಂಡೆನಲ್ಲ ಎಂದು ಅವಳಿಗೆ ಸಂಕಟವಾಯಿತು.

"ಅಪ್ಪಾ..." ಎಂದು ವಸೀಲಾ ಅವನ ಭುಜ ಮುಟ್ಟಲು ಹೊರಟಳು. ಶೆದ್ಲಿಯಾ ಗಬಕ್ಕನೆ ಅವಳ ಕೈ ಹಿಡಿದಳು. ಇನ್ನೊಂದು ಕೈಯಿಂದ ಮಿಶ್‌ಮಾಶನ್ನು ಎಲುಬಿನ ಸಮೇತ ತನ್ನ ಕಡೆಗೆ ಎಳೆದುಕೊಂಡಳು. ಅದು ಮಲಗಿದ್ದ ಜಾಗಕ್ಕೆ ಉಣ್ಣೆಯ ಕಾಲುಚೀಲ ತೊಟ್ಟ ತನ್ನ ಪಾದ ಚಾಚಿ, ಗಂಡನ ಕಾಲಿಗೆ ಆನಿಸಿ, ಗಡಗಡ ನಡುಗಿಸಿದಳು.

"ಬಿಸ್ಮಿಲ್ಲಾ!" ತಿಜಾನಿ ಖರ್ಜೂರ ಬಾಯಿಗೆ ಹಾಕಿಕೊಂಡು ಕಣ್ಣು ಬಿಟ್ಟ. "ಏನು ಇಬ್ಬರೂ ಬಾಯಿ ಬಿಟ್ಕೊಂಡು ಕೂತಿದೀರಿ? ಫಿರಂಗಿ ಹಾರಿದ್ದು ಕೇಳಲಿಲ್ವಾ? ಒಳ್ಳೇ ಕಿವುಡರು!"

ವಸೀಲಾ ತಲೆ ತಗ್ಗಿಸಿ ಖರ್ಜೂರ ತೆಗೆದುಕೊಂಡಳು.

ಅವನು ಸೂಪಿನ ಬಟ್ಟಲು ಎಳೆದುಕೊಂಡು ಹೆಂಡತಿಯನ್ನು ನೋಡಿ ನಕ್ಕ. "ನಿನ್ನ ಕುಟ್ಟಾಣಿ ವೈದ್ಯ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತಲ್ಲೇ! ಪೆದ್ದು ಮುಂಡೇದು, ಇನ್ನೂ ಹೇಗೆ ನಡುಗ್ತಿದೆ ನೋಡು."

"ಹೂಂ ರೀ," ಎಂದಳು ಶೆದ್ಲಿಯಾ, ಅವನ ಕಿವಿಯ ಹತ್ತಿರ ಬಾಗಿ. "ಏನೂ ಪ್ರಯೋಜನ ಆಗ್ಲಿಲ್ಲ."

ಮೇಜಿನ ಕೆಳಗೆ ಮಿಶ್‌ಮಾಶ್ ಎಲುಬು ಕಡಿಯುವ ಸದ್ದು ಅಂಗಳಕ್ಕೆಲ್ಲ ಕೇಳಿಸುತ್ತಿತ್ತು.