ಐವತ್ತು ಮೀಟರ್ ಕೆಳಗೆ ಕೊಟ್ಟ ಮಾತು

ಕಾರು ಗುಡ್ಡದ ಏಳನೆಯ ತಿರುವು ಸುತ್ತುವಾಗ ಮೇಸ್ತ್ರಿಯ ಎಡ ಮೊಣಕೈಯಲ್ಲಿ ನೋವು ಹುಟ್ಟಿತು. ಎಂಟನೆಯ ತಿರುವಿಗೆ ಭುಜಕ್ಕೆ ಏರಿತು. ಬಂದರಿನ ಮುಳುಗುಗಾರರಿಗೆಲ್ಲ ಅವನೇ ಮೇಸ್ತ್ರಿ. ಇದು ಏನು ನೋವೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಳದ ಒತ್ತಡಕ್ಕೆ ರಕ್ತದಲ್ಲಿ ಕರಗಿದ ಗಾಳಿ, ಒತ್ತಡ ಬೇಗ ಇಳಿದರೆ ಮುಚ್ಚಳ ತೆಗೆದ ಸೋಡಾದಂತೆ ಗುಳ್ಳೆ ಏಳುತ್ತದೆ. ಕೀಲಿಗೆ ಹೊಕ್ಕರೆ ನೋವು, ಬೆನ್ನುಹುರಿಗೆ ಹೊಕ್ಕರೆ ಗಾಲಿಕುರ್ಚಿ. ಗುಡ್ಡ ಏರಿದಷ್ಟೂ ಗಾಳಿಯ ಒತ್ತಡ ಇನ್ನೂ ಇಳಿಯುತ್ತದೆ. ಅದಕ್ಕೇ, ಮುಳುಗಿ ಎದ್ದವನು ಒಂದು ಹಗಲು ಒಂದು ರಾತ್ರಿ ಗುಡ್ಡ ಹತ್ತಕೂಡದು. ಹಡಗುಕಟ್ಟೆಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಇದನ್ನು ಬರೆದವನೂ ಈ ಮಹಾರಾಯನೇ.

ಮತ್ತೆ ಯಾಕೆ ಹತ್ತಿದ ಅಂತೀರಾ? ಮಾತು ಕೊಟ್ಟುಬಿಟ್ಟಿದ್ದ. ಬೆಳಿಗ್ಗೆ ಐವತ್ತು ಮೀಟರ್ ಕೆಳಗೆ, ತಳ ಸೇರಿದ ಲಂಗರಿಗೆ ಹಗ್ಗ ಕಟ್ಟುತ್ತಿದ್ದಾಗ ಹೆಲ್ಮೆಟ್ಟಿನ ಫೋನಿನಲ್ಲಿ ಮ್ಯಾನೇಜರ್ ಕೂಗಿದ್ದರು: “ಮೇಸ್ತ್ರಿಗಳೇ, ಹನ್ನೆರಡು ವರ್ಷ ಒಂದೂ ಅಪಘಾತ ಇಲ್ಲ ಅಂತ ನಮಗೇ ಸುರಕ್ಷತಾ ಪ್ರಶಸ್ತಿ! ಮಧ್ಯಾಹ್ನ ಗುಡ್ಡದ ಮೇಲೆ, ಹೆಡ್ ಆಫೀಸಲ್ಲಿ. ಬರ್ತೀರಲ್ಲ?” ಅಷ್ಟು ಆಳದಲ್ಲಿ ಬರೀ ಗಾಳಿಯೇ ಹೆಂಡದ ಹಾಗೆ ತಲೆಗೆ ಏರುತ್ತದೆ. ಆಗ ಮೇಸ್ತ್ರಿ ಒಂದು ಏಡಿಯನ್ನು ನೋಡಿ ನಗುತ್ತಾ ನಿಂತಿದ್ದ. “ಬರ್ತೀನಿ ಸಾರ್! ಏಡೀನೂ ಕರ್ಕೊಂಡು ಬರ್ತೀನಿ!” ಎಂದ.

ಕೆಳಗೆ ಆಡಿದ ಮಾತನ್ನು ಮೇಲೆ ಬಂದು ಮೈ ಒರೆಸಿಕೊಂಡ ಮೇಲೆ ಇನ್ನೊಮ್ಮೆ ಕೇಳಬೇಕು ಅನ್ನುವುದು ಮುಳುಗುಗಾರರ ಕಟ್ಟಳೆ. ಮ್ಯಾನೇಜರ್ ಮೇಜಿನ ಮನುಷ್ಯ, ಅವರಿಗೆ ಅದು ಗೊತ್ತಿಲ್ಲ. ಮೇಸ್ತ್ರಿ ತಾನಾಗಿ ಬೇಡವೆನ್ನಬಹುದಿತ್ತು. ಆದರೆ ಇಸ್ತ್ರಿ ಮಾಡಿದ ಅಂಗಿ ಸಿದ್ಧವಾಗಿತ್ತು, ಕಾರು ಬಾಗಿಲಿಗೆ ಬಂದು ನಿಂತಿತ್ತು, ಮತ್ತೆ, ಸುಳ್ಳೇಕೆ, ಆ ಪ್ರಶಸ್ತಿಯ ಮೇಲೆ ಅವನಿಗೂ ಆಸೆಯಿತ್ತು.

“ರೀ, ಕೈ ಯಾಕೆ ಉಜ್ಕೋತಿದ್ದೀರಾ?” ಪಕ್ಕದಲ್ಲಿದ್ದ ಹೆಂಡತಿ ಕೇಳಿದಳು.

“ಉಳುಕು ಕಣೇ.”

ಅವಳು ಅವನ ಮೊಣಕೈ ಹಿಡಿದು ನೋಡಿದಳು. “ಮುಳುಗಿ ಎದ್ದ ದಿನ ನಮ್ಮಣ್ಣನೂ ಉಳುಕು ಅಂತಲೇ ಅಂದಿದ್ದ. ಇವತ್ತಿಗೂ ಗಾಲಿಕುರ್ಚೀಲಿದ್ದಾನೆ. ಬೆಳಿಗ್ಗೆ ನೀರಿಗೆ ಇಳಿದಿದ್ರಾ? ದಡದಲ್ಲೇ ಇರ್ತೀನಿ ಅಂದಿದ್ರಲ್ಲ! ಊರಿಗೆಲ್ಲ ಬುದ್ಧಿ ಹೇಳ್ತೀರಿ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಸಾರ್, ಗಾಡಿ ತಿರುಗಿಸಿ.”

ಮುಂದಿನ ಸೀಟಿನಿಂದ ಮ್ಯಾನೇಜರ್ ಕತ್ತು ಹೊರಳಿಸಿದರು. “ತಿರುಗಿಸೋಣಮ್ಮ, ಅದಕ್ಕೇನು. ಮೇಸ್ತ್ರಿಗಳೇ, ನೋವು ಅಂತ ನೀವು ಬಾಯಿಬಿಟ್ಟು ಹೇಳಿದ್ರೆ ನಾನು ಅಪಘಾತ ಅಂತ ಬರೀಲೇಬೇಕು. ಹನ್ನೆರಡು ವರ್ಷ ನೀರುಪಾಲು. ಹೇಳಿ, ನೋವಾ?”

ಮೇಸ್ತ್ರಿ ಕಿಟಕಿಯಾಚೆ ನೋಡಿದ. ಕೆಳಗೆ, ತೀರಾ ಕೆಳಗೆ, ಸಮುದ್ರ ಫಳಫಳ ಹೊಳೆಯುತ್ತಿತ್ತು. “ಉಳುಕು ಸಾರ್,” ಎಂದ. ಕಾರು ಒಂಬತ್ತನೆಯ ತಿರುವಿಗೆ ಏರಿತು.

ವೇದಿಕೆಯ ಮೇಲೆ ಪ್ರಶಸ್ತಿಯೆಂದು ಹಿತ್ತಾಳೆಯ ಹೆಲ್ಮೆಟ್ ಕೊಟ್ಟರು. ನಾಲ್ಕು ಮಾತಾಡಿ ಅಂದರು. ಮೇಸ್ತ್ರಿ ಹನ್ನೆರಡು ವರ್ಷದಿಂದ ಹೊಸಬರಿಗೆ ಹೇಳುತ್ತಾ ಬಂದದ್ದನ್ನೇ ಒಪ್ಪಿಸಿದ: “ಈ ಕಾಯಿಲೆಯ ಮೊದಲನೇ ಲಕ್ಷಣ ನೋವಲ್ಲ ಸ್ವಾಮಿ. ‘ನನಗೇನೂ ಆಗಿಲ್ಲ’ ಅನ್ನೋದೇ ಮೊದಲನೇ ಲಕ್ಷಣ.” ಸಭೆ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿತು. ಹೆಂಡತಿ ಮಾತ್ರ ನಗಲಿಲ್ಲ. ಮೆಟ್ಟಿಲಿಳಿಯಲು ತಿರುಗಿದಾಗ ಕಾಲು ನೆಲಕ್ಕೆ ತಾಗಿದ್ದೇ ಅವನಿಗೆ ಗೊತ್ತಾಗಲಿಲ್ಲ. ಮೊದಲು ಹೆಲ್ಮೆಟ್ ಉರುಳಿತು, ಹಿಂದೆಯೇ ಮೇಸ್ತ್ರಿ.

ಸಂಜೆಯ ಹೊತ್ತಿಗೆ ಅವನನ್ನು ಹಡಗುಕಟ್ಟೆಯ ಉಕ್ಕಿನ ಕೋಣೆಯಲ್ಲಿ ಮಲಗಿಸಿ, ಗಾಳಿ ತುಂಬಿ, ಡಾಕ್ಟರು ಹೇಳಿದಂತೆ ಐವತ್ತು ಮೀಟರ್ ಆಳದ ಒತ್ತಡಕ್ಕೆ ಇಳಿಸಿದರು. ಗುಳ್ಳೆ ಕುಗ್ಗಲು ಅದೊಂದೇ ದಾರಿ. ಕೈನೋವು ಹೋಯಿತು. ಕಾಲುಗಳು ಮಾತ್ರ ಇನ್ನೂ ಬೇರೆ ಯಾರದೋ ಕಾಲುಗಳಂತೆ ಬಿದ್ದಿದ್ದವು. ಆದರೂ ಎದೆಯೊಳಗೆ ಅದೇನೋ ಸಂತೋಷ, ಬೆಳಗಿನ ಏಡಿ ಮತ್ತೆ ಕಣ್ಣಮುಂದೆ ಬಂತು.

ಫೋನಿನಲ್ಲಿ ಮ್ಯಾನೇಜರ್ ದನಿ ಕೇಳಿಸಿತು. “ಮೇಸ್ತ್ರಿಗಳೇ, ನೀರಲ್ಲಂತೂ ಏನೂ ಆಗಿಲ್ಲ. ಮೆಟ್ಟಿಲಲ್ಲಿ ಕಾಲು ಜಾರಿದ್ದು ಅಂತ ಬರ್ಕೊಳ್ಳಲಾ?”

“ಬರ್ಕೊಳ್ಳಿ ಸಾರ್! ಜಾರಿದ್ದೇ! ಏಡೀನೂ ಜಾರಿತು ಅಂತ ಬರ್ಕೊಳ್ಳಿ!”

ಗುಂಡು ಗಾಜಿನ ಕಿಟಕಿಯಾಚೆ ಮ್ಯಾನೇಜರ್ ಸಮಾಧಾನದ ಉಸಿರು ಬಿಟ್ಟು, ‘ಅಪಘಾತವಿಲ್ಲದ ದಿನಗಳು’ ಎಂಬ ಕರಿಹಲಗೆಯ ಕಡೆ ಸೀಮೆಸುಣ್ಣ ಹಿಡಿದು ನಡೆದರು. ಮೇಸ್ತ್ರಿಯ ಹೆಂಡತಿ ಅಡ್ಡ ಬಂದಳು. “ಅವರು ಮೇಲೆ ಬಂದ ಮೇಲೆ ಕೇಳಿ ಸಾರ್,” ಎಂದು ಅವರ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡಳು. ಹನ್ನೆರಡು ವರ್ಷದ ಸಂಖ್ಯೆಯನ್ನು ಅಂಗೈಯಿಂದಲೇ ಒರೆಸಿ, ಹಲಗೆ ತುಂಬ ಒಂದು ಸೊನ್ನೆ ಬರೆದಳು. ಆಮೇಲೆ ಅಲ್ಲೇ ಕುಸಿದು ಕೂತು ಅತ್ತಳು.

ಸೊನ್ನೆ ಬಲು ದುಂಡಗಿತ್ತು. ಐವತ್ತು ಮೀಟರ್ ಕೆಳಗಿನಿಂದ ಅದನ್ನು ನೋಡಿ ಮೇಸ್ತ್ರಿ ಚಪ್ಪಾಳೆ ತಟ್ಟಿದ.